ಗಿಫ್ಟ್ ಪೇಪರಾ, ಹಳೇ ದುಪಟ್ಟಾನಾ? ಒಂದು ತಿಂಗಳಾದ ಮೇಲಿನ ಲೆಕ್ಕ

ಹೋದ ವರ್ಷ ಹಬ್ಬದ ಮಾರನೇ ದಿನ ಬೆಳಿಗ್ಗೆ ಎದ್ದು ಮನೆ ಗುಡಿಸಿದರೆ ಎರಡು ದೊಡ್ಡ ಚೀಲ ಕಸ ತುಂಬಿತು, ಮೂರನೆಯದು ಅರ್ಧ. ಅದರಲ್ಲಿ ಮುಕ್ಕಾಲು ಪಾಲು ಹಿಂದಿನ ರಾತ್ರಿ ಹತ್ತೇ ನಿಮಿಷದಲ್ಲಿ ಎಲ್ಲರೂ ಸೇರಿ ಪರಪರ ಹರಿದು ಹಾಕಿದ ಗಿಫ್ಟ್ ಪೇಪರ್. ಆ ಪೇಪರಿನ ಮಿನುಗು ಪುಡಿಯಂತೂ ಮೂರು ವಾರ ಅಂಗಾಲಿಗೆ ಅಂಟುತ್ತಲೇ ಇತ್ತು. ಅವತ್ತೇ ಅಂದುಕೊಂಡೆ, ಈ ವರ್ಷ ಬೇರೆ ಬೇರೆ ಥರ ಮಾಡಿ ನೋಡೋಣ ಅಂತ. ನಾಲ್ಕು ಥರ ಸುತ್ತಿದೆ, ಐದು ಥರದ ಉಡುಗೊರೆ ಕೊಟ್ಟೆ. ಅಳೆದಿದ್ದು ಮಾತ್ರ ಒಂದೇ ರೀತಿ: ಒಂದು ತಿಂಗಳಾದ ಮೇಲೆ ಅದು ಎಲ್ಲಿದೆ? ಕೊಟ್ಟ ದಿನದ ಮುಖ ನೋಡಿ ತೀರ್ಮಾನ ಮಾಡೋದು ಸುಳ್ಳು. ಏನು ಕೊಟ್ಟರೂ ಜನ ನಗುತ್ತಾರೆ, ನಾನೂ ನಗುತ್ತೇನೆ.

ಮೊದಲು ಸುತ್ತೋ ವಿಷಯ.

ಹೊಳೆಯುವ ಗಿಫ್ಟ್ ಪೇಪರ್ ನೋಡೋಕೆ ಚೆಂದ, ಸುತ್ತೋಕೂ ಸುಲಭ, ಅದನ್ನ ಇಲ್ಲ ಅನ್ನಲ್ಲ. ಆದರೆ ಒಂದು ತುಂಡನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಮುದುಡಿ ಬಿಟ್ಟು ನೋಡಿ. ಮುದುಡಿದ ಹಾಗೇ ಇದ್ದರೆ ಅದು ಕಾಗದ. ಬಿಟ್ಟ ತಕ್ಷಣ ಮೆಲ್ಲಗೆ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಪೊರೆ ಇದೆ, ರದ್ದಿಗೆ ಹಾಕಿ ಪ್ರಯೋಜನವಿಲ್ಲ. ನನ್ನ ಹತ್ತಿರ ಉಳಿದಿದ್ದ ಐದು ಸುರುಳಿಗಳಲ್ಲಿ ನಾಲ್ಕು ಬಿಚ್ಚಿಕೊಂಡವು. ಮುದುಡೇ ಇದ್ದ ಐದನೆಯದರ ಮೇಲೆ ಮಿನುಗು ಇತ್ತು, ಹಾಗಾಗಿ ಅದೂ ಕಸಕ್ಕೇ. ತಮಾಷೆ ಅಂದರೆ ಈ ಪೇಪರ್ ಹುಟ್ಟಿದ್ದೇ ಅಚಾನಕ್ಕಾಗಿ. 1917ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ, ಅದೇ ಮುಂದೆ ಹಾಲ್‌ಮಾರ್ಕ್ ಅನ್ನೋ ಗ್ರೀಟಿಂಗ್ ಕಾರ್ಡ್ ಕಂಪನಿ ಆದದ್ದು, ಹಬ್ಬದ ಹೊತ್ತಿಗೆ ಉಡುಗೊರೆ ಸುತ್ತುವ ಟಿಶ್ಯೂ ಪೇಪರ್ ಮುಗಿದುಹೋಯಿತು. ಬೇರೆ ದಾರಿ ಇಲ್ಲದೆ ಲಕೋಟೆಯ ಒಳಮೈಗೆ ಅಂಟಿಸುವ ಬಣ್ಣದ ಹಾಳೆಗಳನ್ನೇ ಮಾರಾಟಕ್ಕೆ ಇಟ್ಟರು. ಎಲ್ಲಾ ಖರ್ಚಾಯಿತು. ನನ್ನ ಮೂರು ಚೀಲದ ಕಸದ ಮೂಲ ಇದು.

ನ್ಯೂಸ್ ಪೇಪರ್ ಸುತ್ತಿ ಕೊಟ್ಟೆ. ರದ್ದಿಗೆ ಹೋಗೋದು ಒಂದು ಸಲ ಜಾಸ್ತಿ ಬಳಕೆಯಾಯಿತು, ಅಷ್ಟರಮಟ್ಟಿಗೆ ಒಳ್ಳೆಯದೇ. ತೊಂದರೆ ಏನೆಂದರೆ ಅದರ ಮಸಿ ಪೂರ್ತಿ ಒಣಗಲ್ಲ, ಕಾಗದಕ್ಕೆ ಇಂಗಿಕೊಂಡು ಕೂತಿರುತ್ತೆ. ತಿಳಿ ಬಣ್ಣದ ಶರ್ಟೊಂದನ್ನು ನೇರವಾಗಿ ಅದರಲ್ಲೇ ಸುತ್ತಿದ್ದೆ, ಕಾಲರಿನ ಮೇಲೆ ಯಾವುದೋ ಸುದ್ದಿಯ ಅರ್ಧ ಸಾಲು ತಿರುಗುಮುರುಗಾಗಿ ಮೂಡಿತ್ತು. ಓದೋಕೆ ಪ್ರಯತ್ನ ಪಟ್ಟೆವು, ಆಗಲಿಲ್ಲ. ಡಬ್ಬದಲ್ಲಿರುವ ವಸ್ತುವಾದರೆ ನ್ಯೂಸ್ ಪೇಪರ್ ಸಾಕು, ಬಟ್ಟೆಗೆ ಬೇಡ.

ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಬ್ರೌನ್ ಪೇಪರ್, ಮೇಲೆ ದಾರ. ಟೇಪ್ ಇಲ್ಲ. ಕಾಗದದ ಆಯ್ಕೆಗಳಲ್ಲಿ ಇದೇ ವಾಸಿ. ಮಡಿಸಿ ಇಟ್ಟುಕೊಂಡರೆ ಇನ್ನೊಂದು ಸಲ ಬರುತ್ತೆ, ಬೇಡವಾದರೆ ನೇರ ರದ್ದಿಗೆ.

ಆದರೆ ನನ್ನ ಮನಸ್ಸು ಗೆದ್ದಿದ್ದು ಬಟ್ಟೆ. ಹೊಸದಲ್ಲ, ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೇ ದುಪಟ್ಟಾಗಳನ್ನು ಚೌಕವಾಗಿ ಕತ್ತರಿಸಿ ಅಂಚು ಹೊಲಿದೆ. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಅಳೆದರೆ ಡಬ್ಬದ ಉದ್ದದ ಮೂರರಷ್ಟಿರಬೇಕು. ಡಬ್ಬವನ್ನು ಓರೆಯಾಗಿ ನಡುವೆ ಇಟ್ಟು ಎದುರುಬದುರಿನ ಎರಡು ಮೂಲೆ ಒಳಗೆ ಮಡಿಸಿ, ಉಳಿದ ಎರಡನ್ನು ಮೇಲೆ ಕಟ್ಟೋದು. ಗುಟ್ಟೆಲ್ಲಾ ಗಂಟಿನಲ್ಲಿದೆ. ಮೊದಲು ಎಡದ್ದನ್ನು ಬಲದ ಮೇಲೆ ತಂದು ಸುತ್ತಿ, ಆಮೇಲೆ ಅದೇ ತುದಿಯನ್ನು ಬಲದಿಂದ ಎಡದ ಮೇಲೆ ತಂದು ಬಿಗಿದರೆ ಗಂಟು ಚಪ್ಪಟೆಯಾಗಿ ಕೂರುತ್ತೆ, ಜಾರಲ್ಲ. ಬಿಚ್ಚುವಾಗ ಒಂದು ತುದಿಯನ್ನು ಹಿಂದಕ್ಕೆ ಜೋರಾಗಿ ಎಳೆದರೆ ಸರಕ್ಕಂತ ಸಡಿಲವಾಗುತ್ತೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದಿರೋ, ಗಂಟು ಓರೆಯಾಗಿ ಜಾರಿ ಡಬ್ಬ ಕೈಯಿಂದ ಕೆಳಗೆ. ನನಗೆ ಹಾಗೆ ಒಂದು ಸಲ ಆಯ್ತು, ಒಳಗಿದ್ದದ್ದು ಗಾಜಲ್ಲ, ಬಚಾವ್.

ಜಪಾನಿನವರು ಇದಕ್ಕೆ ಫುರೊಶಿಕಿ ಅನ್ನುತ್ತಾರೆ. 2006ರಲ್ಲಿ ಅಲ್ಲಿ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ಹಳೇ ಪ್ಲಾಸ್ಟಿಕ್ ಬಾಟಲಿಯ ನೂಲಿನಿಂದ ಫುರೊಶಿಕಿ ಮಾಡಿಸಿ, ಪ್ಲಾಸ್ಟಿಕ್ ಚೀಲ ಬಿಟ್ಟು ಇದನ್ನು ಬಳಸಿ ಅಂತ ಪ್ರಚಾರವನ್ನೇ ಮಾಡಿದ್ದರು. ನನ್ನ ಏಳು ಬಟ್ಟೆಗಳಲ್ಲಿ ತಿಂಗಳಾದ ಮೇಲೆ ನಾಲ್ಕು ಬೇರೇನನ್ನೋ ಸುತ್ತಿಕೊಂಡು ವಾಪಸ್ ಬಂದವು, ಎರಡು ಅವರವರ ಮನೆಯಲ್ಲೇ ಬಳಕೆಯಲ್ಲಿವೆ. ಒಂದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಇನ್ನು ಒಳಗೆ ಏನಿಟ್ಟೆ ಅನ್ನೋದು. ಇಲ್ಲೇ ನನ್ನ ಲೆಕ್ಕಾಚಾರ ತಲೆಕೆಳಗಾಗಿದ್ದು.

ಪರಿಸರಸ್ನೇಹಿ ಕಿಟ್ ಅಂತ ಸಿಗುತ್ತಲ್ಲ, ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, ಹೊಚ್ಚ ಹೊಸ ಬಟ್ಟೆ ಚೀಲ, ಅದನ್ನು ಮೂರು ಜನಕ್ಕೆ ಕೊಟ್ಟೆ. ಇದೇ ಗೆಲ್ಲುತ್ತೆ ಅಂದುಕೊಂಡಿದ್ದೆ. ಮೂರೂ ಅಟ್ಟ ಸೇರಿವೆ. ಸ್ಟ್ರಾ ಬಳಸದೇ ಇರುವವರಿಗೆ ಸ್ಟೀಲ್ ಸ್ಟ್ರಾ ಯಾಕೆ ಅಂತ ಕೊಡುವಾಗ ನನಗೆ ಹೊಳೆಯಲೇ ಇಲ್ಲ. ಚೀಲದ ಕಥೆ ಇನ್ನೂ ಬೇಜಾರಿನದು. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಚೀಲಗಳನ್ನು ಹೋಲಿಸಿ ಲೆಕ್ಕ ಹಾಕಿತ್ತು. ಮಾಮೂಲಿ ಹತ್ತಿ ಚೀಲ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ, ಹವಾಮಾನದ ಲೆಕ್ಕವೊಂದನ್ನೇ ಹಿಡಿದರೂ 52 ಸಲ ಬಳಸಬೇಕು. ನೀರು, ಓಜೋನ್ ಎಲ್ಲ ಸೇರಿಸಿದರೆ 7,100 ಸಲ. ಬೀದಿಯಲ್ಲಿ ಬಿದ್ದ ಪ್ಲಾಸ್ಟಿಕ್ಕಿನ ಹಾನಿಯನ್ನು ಆ ಲೆಕ್ಕದಲ್ಲಿ ಹಿಡಿದಿಲ್ಲ, ಹಾಗಾಗಿ ಪ್ಲಾಸ್ಟಿಕ್ಕೇ ಒಳ್ಳೆಯದು ಅಂತ ಇದರ ಅರ್ಥ ಅಲ್ಲ. ಆದರೆ ಮನೆಯಲ್ಲಿ ಆಗಲೇ ಆರು ಬಟ್ಟೆ ಚೀಲ ಇರುವವರಿಗೆ ಏಳನೆಯದನ್ನು ಕೊಡೋದು ಸುಮ್ನೆ ನಮ್ಮ ಸಮಾಧಾನಕ್ಕೆ, ಅಲ್ವಾ?

ಸೆಕೆಂಡ್ ಹ್ಯಾಂಡ್ ವಸ್ತು. ತಮ್ಮನಿಗೆ ಒಂದು ಹಳೇ ಟೇಬಲ್ ಲ್ಯಾಂಪ್. ವೈರು, ಸ್ವಿಚ್ಚು ಎರಡನ್ನೂ ಬದಲಾಯಿಸಿ, ಹಿತ್ತಾಳೆಯ ಕತ್ತನ್ನು ಉಜ್ಜಿ ಉಜ್ಜಿ ಬೆರಳು ಕಪ್ಪಾಗಿತ್ತು. ಹಳೆಯದು ಅಂತ ಮುಚ್ಚಿಡದೆ ಹೇಳಿಯೇ ಕೊಟ್ಟೆ. ಈಗಲೂ ದಿನಾ ಉರಿಯುತ್ತೆ. ಇದೇ ಧೈರ್ಯದಲ್ಲಿ ಚಿಕ್ಕಪ್ಪನಿಗೆ ಹಳೇ ರೇಡಿಯೋ ಕೊಟ್ಟರೆ "ಯಾರದ್ದಮ್ಮಾ ಇದು?" ಅಂತ ಎರಡು ಸಲ ಕೇಳಿದರು. ಮೂಲೆ ಸೇರಿತು. ಎಲ್ಲರಿಗೂ ಆಗಿಬರಲ್ಲ ಇದು. ಹೆಲ್ಮೆಟ್, ಮಗುವಿನ ಕಾರ್ ಸೀಟ್ ಥರದ್ದನ್ನಂತೂ ಹಳೆಯದು ಕೊಡಲೇಬೇಡಿ, ಒಳಗೆ ಪೆಟ್ಟು ಬಿದ್ದಿದ್ದರೆ ಹೊರಗೆ ಕಾಣಲ್ಲ.

ಹೆಸರಿನಲ್ಲಿ ದಾನ. ಗೆಳತಿಯ ಹೆಸರಲ್ಲಿ ನಾನು ನಂಬಿದ ಕೆಲಸಕ್ಕೆ ದುಡ್ಡು ಕೊಟ್ಟು ರಸೀದಿ ಕಳಿಸಿದೆ. "ಒಳ್ಳೇದಾಯ್ತು" ಅಂದಳು, ಅಷ್ಟೇ. ಯೋಚಿಸಿದರೆ ಅದು ನಾನು ನನಗೇ ಕೊಟ್ಟುಕೊಂಡ ಉಡುಗೊರೆ. ಇನ್ನೊಬ್ಬಳಿಗೆ ಯಾವ ಕೆಲಸಕ್ಕೆ ಕೊಡಲಿ ನೀನೇ ಹೇಳು ಅಂದೆ, ಅವಳು ಎರಡು ದಿನ ಹುಡುಕಿ, ಓದಿ, ಫೋನ್ ಮಾಡಿ ಹೇಳಿದಳು. ಎಷ್ಟು ವ್ಯತ್ಯಾಸ ನೋಡಿ.

ಸಮಯದ ಕೂಪನ್ ಕೂಡ ಬರೆದುಕೊಟ್ಟೆ: "ಒಂದು ದಿನ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ." ಅಕ್ಕನ ಫ್ರಿಜ್ ಮೇಲೆ ಐದು ವಾರ ಅಂಟಿಕೊಂಡೇ ಇತ್ತು. ಕೇಳೋಕೆ ಅವಳಿಗೆ ಸಂಕೋಚ. ಕೊನೆಗೆ ನಾನೇ ತಾರೀಖು ಬರೆದೆ, ಆ ಶನಿವಾರವೇ ಗಂಡ ಹೆಂಡತಿ ಹೊರಗೆ ಹೋಗಿ ಬಂದರು. ತಾರೀಖಿಲ್ಲದ ಕೂಪನ್ ಕೊಡಬೇಡಿ.

ಊಟದ ತಟ್ಟೆ ಲೋಟದ ಬಗ್ಗೆ ಚಿಕ್ಕದಾಗಿ: ಬಿಸಾಡುವ ಲೋಟದ ಬದಲು ಗೊಬ್ಬರವಾಗುತ್ತೆ ಅಂತ ಬರೆದಿದ್ದ ಲೋಟ ತಂದೆ. ಅದು ಪಿಎಲ್‌ಎ, ಅಂದರೆ ಜೋಳದಂಥ ಬೆಳೆಯಿಂದ ಮಾಡುವ ಒಂದು ಥರದ ಪ್ಲಾಸ್ಟಿಕ್. ಅದು ಗೊಬ್ಬರವಾಗಬೇಕಾದರೆ ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ ಇರುವ ಹಾಗೆ ಸುಮಾರು 60 ಡಿಗ್ರಿ ಶಾಖ ಬೇಕು. ಮನೆಯ ಕಾಂಪೋಸ್ಟ್ ಡಬ್ಬದಲ್ಲಿ ನಾಲ್ಕು ತಿಂಗಳಾದರೂ ಲೋಟ ಹೊಳೆಯುತ್ತಾ ಕೂತಿದೆ, ಸುತ್ತ ಇದ್ದ ಸಿಪ್ಪೆಯೆಲ್ಲಾ ಮಣ್ಣಾಗಿದೆ. ಮುಂದಿನ ಸಲ ಪಕ್ಕದ ಮನೆಯಿಂದ ಸ್ಟೀಲ್ ಲೋಟ ಕೇಳಿ ತರುತ್ತೇನೆ, ತೊಳೆಯೋಕೆ ಬಂದವರನ್ನೇ ನಿಲ್ಲಿಸುತ್ತೇನೆ.

ಕೊನೆಯದು, ಬಾಯಿಬಿಟ್ಟು ಕೇಳಿ ಕೊಡೋದು. 1993ರಲ್ಲಿ ಜೋಯಲ್ ವಾಲ್ಡ್‌ಫೋಗೆಲ್ ಅನ್ನೋ ಅರ್ಥಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳನ್ನು, ನಿಮಗೆ ಬಂದ ಉಡುಗೊರೆಗೆ ನೀವಾದರೆ ಎಷ್ಟು ಬೆಲೆ ಕಟ್ಟುತ್ತೀರಿ ಅಂತ ಕೇಳಿದ್ದರು. ಕೊಟ್ಟವರ ಖರ್ಚಿನಲ್ಲಿ ಹತ್ತನೇ ಒಂದು ಪಾಲಿನಿಂದ ಮೂರನೇ ಒಂದು ಪಾಲಿನವರೆಗೆ ನೀರಲ್ಲಿ ಹೋಮ ಅಂತ ಲೆಕ್ಕ ಬಂತು. ಕೇಳಿಬಿಟ್ಟರೆ ಮಜಾ ಏನಿದೆ ಅನ್ನುತ್ತಿದ್ದವಳು ನಾನೇ. ಆದರೂ ಅತ್ತೆಗೆ ಫೋನ್ ಮಾಡಿದೆ.

"ಏನು ಬೇಕು ಅತ್ತೆ ಹಬ್ಬಕ್ಕೆ?"

"ಏನೂ ಬೇಡ ಕಣೇ. ಇಡೋಕೆ ಜಾಗ ಎಲ್ಲಿದೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಮೊಬೈಲ್ ಫೋಟೋ ತುಂಬಿ ಹೋಗಿದೆ ಅಂತ ಬಡ್ಕೊಳ್ತಾ ಇರುತ್ತೆ. ಅದನ್ನೊಂದು ಸರಿ ಮಾಡಿಕೊಡ್ತೀಯಾ?" ಅಂದರು.

ಹೋಗಿ ಕೂತೆ. ಮೂರು ಗಂಟೆ ಆಯಿತು. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳೇ ಸಾವಿರದ ಮೇಲಿದ್ದವು, ಒಂದೊಂದನ್ನೂ ಅಳಿಸುವ ಮುಂಚೆ ಯಾರು ಕಳಿಸಿದ್ದು ಅಂತ ಹೇಳಬೇಕಿತ್ತು ಅವರಿಗೆ. ಇನ್ನೂ ಅರ್ಧ ಬಾಕಿ ಇದೆ. ಮುಂದಿನ ಭಾನುವಾರ ಬಾ ಅಂದಿದ್ದಾರೆ, ಚಾರ್ಜರ್ ಮರೀಬೇಡ ಅಂತಲೂ.