ಟ್ರಸ್ ರಾಡ್, ಸ್ಯಾಡಲ್, ತೆಳು ತಂತಿ: ಮೂರನ್ನೂ ಮಾಡಿ ನೋಡಿದೆ

ನನ್ನ ಅಕೂಸ್ಟಿಕ್ ಗಿಟಾರ್‌ನಲ್ಲಿ ಎಫ್ ಕಾರ್ಡ್ (ತೋರುಬೆರಳಿನಿಂದ ಎಲ್ಲಾ ತಂತಿ ಅಡ್ಡಕ್ಕೆ ಒತ್ತೋ ಹಿಡಿತ) ಹಿಡಿಯೋದು ಅಂದ್ರೆ ಶಿಕ್ಷೆ. 12ನೇ ಫ್ರೆಟ್ (ನೆಕ್, ಅಂದ್ರೆ ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ದಪ್ಪ ತಂತಿ 3.5 ಮಿ.ಮೀ. ಎತ್ತರದಲ್ಲಿತ್ತು. ಸುಮಾರು 2.5 ಇದ್ದರೆ ಆರಾಮ. ತಂತಿ ಇಳಿಸೋದು ಹೇಗೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ, "ಟ್ರಸ್ ರಾಡ್ ಟೈಟ್ ಮಾಡಿಸು." ಅಂದ್ರೆ ನೆಕ್ ಒಳಗಿನ ಸರಳನ್ನು ಬಿಗಿ ಮಾಡಿಸೋದು.

ಸರಿ, ಒಂದು ಅಂಗಡಿಗೆ ಕೊಟ್ಟೆ. ಅಳತೆ ಗಿಳತೆ ಏನೂ ಇಲ್ಲ, ಅಲನ್ ಕೀ ಹಾಕಿ ಪೂರ್ತಿ ಒಂದು ಸುತ್ತು ತಿರುಗಿಸಿ ಕೈಗೆ ಕೊಟ್ಟರು. ಮನೆಗೆ ಬಂದು ನುಡಿಸಿದರೆ ಮೊದಲ ಮೂರು ಫ್ರೆಟ್‌ನಲ್ಲಿ ಬರೀ ಜುಯ್ ಜುಯ್, ಅದೇ 12ನೇ ಫ್ರೆಟ್ ಹತ್ತಿರ ಮಾತ್ರ ತಂತಿ ಇನ್ನೂ ಎತ್ತರದಲ್ಲೇ ಇತ್ತು. ಆ ಒಂದು ಸುತ್ತನ್ನು ನಾನೇ ವಾಪಸ್ ಬಿಚ್ಚಿದೆ. ಆಮೇಲೆ ಎಲ್ಲಾ ಮನೆಯಲ್ಲೇ.

ಟ್ರಸ್ ರಾಡ್ ಇರೋದು ತಂತಿ ಇಳಿಸೋಕಲ್ಲ. 12 ಗೇಜ್‌ನ (ಗೇಜ್ ಅಂದ್ರೆ ತಂತಿಯ ದಪ್ಪದ ಅಳತೆ) ಆರು ತಂತಿ ಸೇರಿ ನೆಕ್ ಅನ್ನು ಸುಮಾರು 70 ಕೆ.ಜಿ. ಬಲದಲ್ಲಿ ಎಳೆಯುತ್ತವೆ. ಆ ಎಳೆತಕ್ಕೆ ಎದುರಾಗಿ ನಿಲ್ಲೋದು ಒಳಗಿನ ಈ ಕಬ್ಬಿಣದ ಸರಳು. ನೆಕ್ ಪೂರ್ತಿ ನೆಟ್ಟಗೂ ಇರಬಾರದು, ತಂತಿ ನಡುವೆ ಅಗಲವಾಗಿ ಅದುರುತ್ತಲ್ವಾ, ಅದಕ್ಕೆ ಚೂರು ಜಾಗ ಬೇಕು. ನೋಡೋದು ಹೀಗೆ: ತಂತಿಗಳನ್ನು ಸರಿಯಾದ ಶ್ರುತಿಗೆ ತಂದು, ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯೋ ಕ್ಲಿಪ್) ಹಾಕಿ, ನೆಕ್ ಮತ್ತು ಬಾಡಿ ಸೇರುವ 14ನೇ ಫ್ರೆಟ್‌ನಲ್ಲಿ ದಪ್ಪ ತಂತಿ ಒತ್ತಿಹಿಡಿದು, 7ನೇ ಫ್ರೆಟ್ ಮೇಲೆ ಎಷ್ಟು ಸಂದು ಉಳಿದಿದೆ ಅಂತ ಅಳೆಯಬೇಕು. 0.2ರಿಂದ 0.3 ಮಿ.ಮೀ. ಸಾಕು. ಸಂದು ಅಳೆಯೋ ಫೀಲರ್ ಗೇಜ್ ಇಲ್ವಾ? ಜೆರಾಕ್ಸ್ ಹಾಳೆ ಒಂದರ ದಪ್ಪ ಹೆಚ್ಚುಕಮ್ಮಿ 0.1 ಮಿ.ಮೀ., ಎರಡು ಮೂರು ಹಾಳೆ ಸೇರಿಸಿ ತೂರಿಸಿ ನೋಡಿ.

ನನ್ನದು 0.5 ಇತ್ತು. ಮೊಬೈಲ್ ಟಾರ್ಚ್ ಬಿಟ್ಟುಕೊಂಡು, ಸೌಂಡ್ ಹೋಲ್ ಒಳಗೆ ಉದ್ದ ಕೀ ತೂರಿಸಿ, ಅದು ಪೂರ್ತಿ ಕೂತಿದೆ ಅಂತ ಖಾತ್ರಿ ಮಾಡಿಕೊಂಡು (ಅರ್ಧ ಕೂತಿದ್ದಾಗ ತಿರುಗಿಸಿದರೆ ನಟ್‌ನ ಮೂಲೆ ಸವೆದು ಕಥೆ ಮುಗೀತು), ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ಮಾತ್ರ ತಿರುಗಿಸಿದೆ. ಮತ್ತೆ ಶ್ರುತಿ, ಮತ್ತೆ ಅಳತೆ. ಮಾರನೇ ದಿನ ಇನ್ನೊಂದು ಕಾಲು ಸುತ್ತು. ಸಂದು 0.25ಕ್ಕೆ ಬಂತು. ಇಷ್ಟೆಲ್ಲಾ ಮಾಡಿ 12ನೇ ಫ್ರೆಟ್‌ನಲ್ಲಿ ಇಳಿದದ್ದು ಎಷ್ಟು? 0.2. ಅಂದ್ರೆ 3.3. ನಗು ಬಂತು.

ನಿಜವಾದ ವ್ಯತ್ಯಾಸ ತಂದದ್ದು ಸ್ಯಾಡಲ್, ಅಂದ್ರೆ ಬಾಡಿ ಮೇಲೆ ತಂತಿಗಳು ಕೂರೋ ಸಣ್ಣ ಪಟ್ಟಿ. ಲೆಕ್ಕ ಸುಲಭ, 12ನೇ ಫ್ರೆಟ್‌ನಲ್ಲಿ ಎಷ್ಟು ಇಳಿಯಬೇಕೋ ಅದರ ಎರಡರಷ್ಟು ಸ್ಯಾಡಲ್ ತಳದಿಂದ ಉಜ್ಜಬೇಕು. ನನಗೆ 1.6 ಮಿ.ಮೀ. ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ಉಜ್ಜತೊಡಗಿದೆ. ಒಂದು ಬದಿಗೆ ಬೆರಳು ಜಾಸ್ತಿ ಒತ್ತಿ ತಳ ಓರೆಯಾಯಿತು, ಅದನ್ನು ಸರಿ ಮಾಡಲು ಇನ್ನಷ್ಟು ಉಜ್ಜಿದೆ, ಕೊನೆಗೆ 2.2 ಹೋಗಿತ್ತು. ಮೇಲಿನ ಫ್ರೆಟ್‌ಗಳಲ್ಲಿ ಜುಯ್. ಟ್ರಸ್ ರಾಡ್ ಆದರೆ ವಾಪಸ್ ತಿರುಗಿಸಬಹುದು, ಉಜ್ಜಿದ ಪುಡಿಯನ್ನು ಎಲ್ಲಿಂದ ತರೋದು? ಹೊಸ ಸ್ಯಾಡಲ್ ತಂದು ಹತ್ತು ಸಲ ಅಳೆದುಕೊಂಡು ಮಾಡಿದೆ. 2.5. ಎಫ್ ಕಾರ್ಡ್ ಈಗ ಹಿಡಿಯೋಕಾಗುತ್ತೆ.

ತೆಳು ತಂತಿಯನ್ನೂ ನೋಡಿದೆ, 11 ಗೇಜ್. ಹಾಕಿದ ಕೂಡಲೇ ಬೆರಳಿಗೆ ಹಗುರ, ಅದು ನಿಜ. ಆದರೆ ದನಿಯ ತೂಕ ಹೋಯಿತು. ಜೊತೆಗೆ ಎಳೆತ ಕಡಿಮೆಯಾಗಿ ನೆಕ್ ಇನ್ನಷ್ಟು ನೆಟ್ಟಗಾಯಿತು, ರಾಡ್ ಚೂರು ಸಡಿಲಿಸಬೇಕಾಯಿತು. ಹಾಗಾಗಿ ತಂತಿ ಬದಲಾಯಿಸೋ ಆಸೆ ಇದ್ದರೆ ಅದನ್ನೇ ಮೊದಲು ಮಾಡಿ, ಆಮೇಲೆ ರಾಡ್, ಕೊನೆಗೆ ಸ್ಯಾಡಲ್. ನಾನು ವಾಪಸ್ 12ಕ್ಕೇ ಬಂದೆ, ಮತ್ತೆ ಅದೇ ಕಾಗದದ ಹಾಳೆ, ಅದೇ ಟಾರ್ಚ್.

ಇದೆಲ್ಲಾ ಮಾರ್ಚ್‌ನಲ್ಲಿ. ಜುಲೈ ಹೊತ್ತಿಗೆ ಮಂಗಳೂರಿನ ಮಳೆಗೆ ಮರ ತೇವ ಕುಡಿದು ಬ್ರಿಡ್ಜ್ (ಸ್ಯಾಡಲ್ ಕೂರೋ ಮರದ ತುಂಡು) ಹಿಂದೆ ಹೊಟ್ಟೆ ಉಬ್ಬಿತು, ತಂತಿ ಮತ್ತೆ 2.8. ಕೀ ಕಡೆ ಕೈ ಹೋಯಿತು, ಆದರೆ ನೆಕ್ ಅಳೆದರೆ ಸರಿಯಾಗೇ ಇತ್ತು. ಡಬ್ಬಿಯಲ್ಲಿ ಬಿದ್ದಿದ್ದ ಆ ಹಾಳಾದ ಹಳೇ ಸ್ಯಾಡಲ್ ಹಾಕಿದೆ. ಸರಿಯಾಗಿ 2.5. ಈಗ ಅದರ ಮೇಲೆ ಪೆನ್ಸಿಲ್‌ನಲ್ಲಿ "ಮಳೆಗಾಲ" ಅಂತ ಬರೆದಿಟ್ಟಿದ್ದೇನೆ.