ಬೇಲಿಗೆ ಲಂಟಾನವೋ, ಕೇಪಳವೋ?

ಬೇಲಿ ಬೇಗ ದಟ್ಟವಾಗಬೇಕು, ದನ ಬಾಯಿ ಹಾಕಬಾರದು ಎನ್ನುವವರಿಗೆ ಲಂಟಾನ ಹಿಡಿಸುತ್ತದೆ. ಹಳದಿಯಾಗಿ ಅರಳಿದ ಹೂ ಅದೇ ಗೊಂಚಲಲ್ಲಿ ಗುಲಾಬಿಗೆ ತಿರುಗುವುದು ಚಂದವೇ, ಚಿಟ್ಟೆಗಳೂ ಬರುತ್ತವೆ. ಆದರೆ ಅದರ ಕಪ್ಪು ಹಣ್ಣು ತಿಂದ ಪಿಕಳಾರ ಹಕ್ಕಿ ಬೀಜವನ್ನು ಕಾಡಿಗೆ ಒಯ್ಯುತ್ತದೆ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ಬಂದ ಈ ಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲು ಬೆಳೆಯುವ ಬಹಳಷ್ಟು ಜಾಗವನ್ನು ಆಕ್ರಮಿಸಿದೆ. ಎಲೆ ದನಕ್ಕೆ ವಿಷ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ, ನಿಜ. ಅದಕ್ಕೆ ಬೇಕಾದಷ್ಟು ಲಂಟಾನ ಕಾಡಿನಲ್ಲೇ ಇದೆ, ನಾವು ನೆಡಬೇಕಾಗಿಲ್ಲ.

ಕೇಪಳ ನಮ್ಮ ನೆಲದ್ದು. ನಿಧಾನವಾಗಿ ಬೆಳೆಯುತ್ತದೆ, ಮೊದಲ ಬೇಸಿಗೆಯಲ್ಲಿ ನೀರು ಬೇಕು. ಕೆಂಪು ಹೂವಿನ ಸಪೂರ ಕೊಳವೆಗೆ ಚಿಟ್ಟೆ ಹೀರುನಳಿಕೆ ಇಳಿಸುವುದನ್ನು ಜಗಲಿಯಿಂದಲೇ ನೋಡಬಹುದು. ಹಣ್ಣು ಮಕ್ಕಳ ಪಾಲು. ಕಾಡಂಚಿನ ಮನೆಯಾದರೆ ಕಾದಾದರೂ ಕೇಪಳವನ್ನೇ ಬೆಳೆಸಿ. ನರ್ಸರಿಯಲ್ಲಿ ಮಿಶ್ರತಳಿ ಬೇಡ, ಊರಿನ ಕೇಪಳವನ್ನೇ ಕೇಳಿ.