ಹಿರಿಯರ ಡೈಪರ್: ಬಟ್ಟೆಯದೋ, ಬಿಸಾಡುವುದೋ?

ಕೆಮ್ಮಿದಾಗ, ಎದ್ದಾಗ ನಾಲ್ಕು ಹನಿ ಸೋರುವವರಿಗೆ, ಮನೆಯಲ್ಲಿ ಒಗೆಯುವವರಿದ್ದರೆ, ಬಟ್ಟೆ ಡೈಪರ್ ಸಾಕು. ರಾತ್ರಿಗೆ, ಪ್ರಯಾಣಕ್ಕೆ, ಹಾಸಿಗೆ ಹಿಡಿದವರಿಗೆ ಬಿಸಾಡುವುದೇ ಸರಿ. ಅದರೊಳಗಿನ ಹರಳುಗಳು ಮೂತ್ರ ಹೀರಿ ಜೆಲ್ ಆಗುವುದರಿಂದ ಚರ್ಮಕ್ಕೆ ತೇವ ತಾಗುವುದು ಕಡಿಮೆ. ಬಟ್ಟೆ ಹಾಗಲ್ಲ, ಒದ್ದೆಯಾದ ಕೂಡಲೇ ಬದಲಿಸದಿದ್ದರೆ ತೊಡೆಸಂದು ಕೆಂಪಾಗಿ ಉರಿಯುತ್ತದೆ.

ದಿನಕ್ಕೆ ಐದಾರು ಸಲ ಬದಲಿಸುವವರಿಗೆ ಕನಿಷ್ಠ 12 ಬಟ್ಟೆ ಡೈಪರ್ ಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದೂ ಸಾಲದು. ದಪ್ಪ ಪದರ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಸೋಪಿನ ಪುಡಿ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಲೇಬೇಡಿ, ಅದು ನೂಲಿಗೆ ಅಂಟಿ ಹೀರುವ ಗುಣವನ್ನೇ ಕೆಡಿಸುತ್ತದೆ.

ಬಿಸಾಡುವುದರಲ್ಲಿ ಓಡಾಡುವವರಿಗೆ ಪ್ಯಾಂಟ್ ಮಾದರಿ, ಮಲಗಿದವರಿಗೆ ಟೇಪ್ ಮಾದರಿ. ಸೊಂಟ, ಕುಂಡೆ ಎರಡನ್ನೂ ಅಳೆದು, ಹೆಚ್ಚಿನ ಅಳತೆ ನೋಡಿ ಸೈಜ್ ಆರಿಸಿ. "ಇರಲಿ, ದೊಡ್ಡದೇ ತರೋಣ" ಎಂದರೆ ತೊಡೆಯ ಬಳಿ ಸಂದು ಬಿಟ್ಟು ಅಲ್ಲಿಂದಲೇ ಸೋರುತ್ತದೆ. ಕೆಳಗಿನ ಟೇಪನ್ನು ತುಸು ಮೇಲ್ಮುಖವಾಗಿ, ಮೇಲಿನದನ್ನು ಕೆಳಮುಖವಾಗಿ ಅಂಟಿಸಿ. ಕಾಲಿನ ಬಳಿಯ ನೆರಿಗೆಯ ಅಂಚಿನುದ್ದಕ್ಕೂ ಬೆರಳಾಡಿಸಿ ನೆಟ್ಟಗೆ ನಿಲ್ಲಿಸಿ. ಅದು ಒಳಗೆ ಮಡಚಿಕೊಂಡರೆ ಎಷ್ಟು ದುಬಾರಿ ಡೈಪರಾದರೂ ಹಾಸಿಗೆ ಒದ್ದೆ. ಒಂದರ ಮೇಲೊಂದು ಎರಡು ಕಟ್ಟುವುದು ದಂಡ: ಒಳಗಿನದರ ಹೊರಪದರ ನೀರು ಬಿಡದ್ದು, ಹೊರಗಿನದಕ್ಕೆ ಏನೂ ದಾಟುವುದಿಲ್ಲ.

ಯಾವುದೇ ಇರಲಿ, ಮಲವಾದರೆ ಆ ಕ್ಷಣವೇ ಬದಲಿಸಿ, ಒರೆಸಿ ಒಣಗಿಸಿ, ಜಿಂಕ್ ಕ್ರೀಮನ್ನು ತೆಳುವಾಗಿ ಹಚ್ಚಿ. ಬಿಸಾಡುವ ಡೈಪರನ್ನು ಬಳಸಿದ ಮೇಲೆ ಪೇಪರಿನಲ್ಲಿ ಸುತ್ತಿ ಕಸ ಒಯ್ಯುವವರಿಗೆ ಪ್ರತ್ಯೇಕವಾಗಿ ಕೊಡಿ. ಬೆಂಗಳೂರಿನಲ್ಲಾದರೆ ಮೇಲೊಂದು ಕೆಂಪು ಗುರುತು ಹಾಕಿ.